‘ಇವತ್ತು ಬೇಡ’ ಎನ್ನುವವರ ದೋಣಿ

ಮಗಳೇ, ಚೆನ್ನೈಯ ಪೆರುಂಗುಡಿಯ ಹತ್ತಿರ ಕಯಾಕ್ ಎಲ್ಲಿ ಬಾಡಿಗೆಗೆ ಸಿಗುತ್ತದೆ ದೊಡ್ಡಪ್ಪ ಎಂದು ಕೇಳಿದೆಯಲ್ಲ, ಒಂದೇ ಸಾಲಿನ ಉತ್ತರ ಬೇಕಿದ್ದರೆ ಮುಟ್ಟುಕಾಡು, ಇಲ್ಲವೇ ಕೋವಳಂ. ಎರಡೂ ನಿನ್ನ ಆಫೀಸಿನಿಂದ ತೆಂಕು ದಿಕ್ಕಿಗೆ, 20 ಕಿ.ಮೀ. ಆಚೀಚೆ. ಹಳೆ ಮಹಾಬಲಿಪುರಂ ರಸ್ತೆ, ಅಂದರೆ ಒಎಂಆರ್‌ನಲ್ಲೇ ನೇರ ಕೇಳಂಬಾಕ್ಕಂವರೆಗೆ ಹೋಗಿ ಎಡಕ್ಕೆ ತಿರುಗಿದರೆ ಕೋವಳಂ. ಶೋಳಿಂಗನಲ್ಲೂರಿನಲ್ಲೇ ಎಡಕ್ಕೆ ಹೊರಳಿ ಅಕ್ಕರೈ ಬಳಿ ಪೂರ್ವ ಕರಾವಳಿ ರಸ್ತೆ (ಇಸಿಆರ್) ಸೇರಿ ದಕ್ಷಿಣಕ್ಕೆ ಹೋದರೆ ಮೊದಲು ಸಿಗುವುದು ಮುಟ್ಟುಕಾಡು. ನಸುಕಿನಲ್ಲಿ ಹೊರಟರೆ ದಾರಿ ಒಂದು ಗಂಟೆಯೂ ಹಿಡಿಯುವುದಿಲ್ಲ.

ಆದರೆ ನನಗೆ ಹೇಳಬೇಕಾದದ್ದು ಇನ್ನೂ ಇದೆ. ದುಡ್ಡು ಕೊಟ್ಟರೆ ದೋಣಿ ಕೊಡುವವರು ಯಾವ ನೀರಿನ ದಡದಲ್ಲೂ ಸಿಗುತ್ತಾರೆ. ಕೈಗೆ ಬಂದ ದುಡ್ಡನ್ನು ತಿರುಗಿಸಿ ಕೊಟ್ಟು, “ಇವತ್ತು ಬೇಡಮ್ಮಾ, ಗಾಳಿ ಸರಿಯಿಲ್ಲ, ಮುಂದಿನ ವಾರ ಬಾ” ಎನ್ನುವವರು ಅಪರೂಪ. ನೀನು ಹುಡುಕಬೇಕಾದದ್ದು ಅವರನ್ನು. ಜಾಗ, ದರ, ದೋಣಿಯ ಬಣ್ಣ, ಫೋಟೊ ಎಲ್ಲ ಆಮೇಲಿನ ಮಾತು.

ಮೊದಲು ಹತ್ತಿರದ ನೀರಿನ ವಿಚಾರ. ಪೆರುಂಗುಡಿಯ ಸುತ್ತ ನೀರೇ ನೀರು, ಇಲ್ಲೇ ಯಾಕೆ ಆಗಬಾರದು ಎಂದು ನಿನಗೆ ಅನ್ನಿಸಿಯೇ ಇರುತ್ತದೆ. ಪಶ್ಚಿಮಕ್ಕೆ ಪಳ್ಳಿಕರಣೈ ಜೌಗು, ಪೂರ್ವಕ್ಕೆ ಒಎಂಆರ್‌ಗೂ ಇಸಿಆರ್‌ಗೂ ನಡುವೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಕಡಲು. ಪಳ್ಳಿಕರಣೈ ಹಕ್ಕಿಗಳ ಮನೆ. 2022ರಲ್ಲಿ ಅದು ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು, ಪಟ್ಟಿಯಲ್ಲಿ ಸೇರಿದ ವಿಸ್ತೀರ್ಣ ಸುಮಾರು 1,247 ಹೆಕ್ಟೇರ್. ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಅಲ್ಲಿ ಇಳಿಯುತ್ತವೆ. ಅಲ್ಲಿ ದೋಣಿ ಇಳಿಸುವ ಮಾತೇ ಬೇಡ. ರಸ್ತೆಯ ಬದಿಯಲ್ಲಿ ನಿಂತು ದುರ್ಬೀನಿನಲ್ಲಿ ನೋಡು, ಅಷ್ಟು ಸಾಕು. ಅದೇ ಜೌಗಿನ ಅಂಚಿನಲ್ಲಿ ಈ ನಗರ ದಶಕಗಟ್ಟಲೆ ಕಸ ಸುರಿದಿದೆ ಎಂಬುದನ್ನೂ ಮರೆಯಬೇಡ. ಮೇಲಿನಿಂದ ತಿಳಿಯಾಗಿ ಕಂಡ ನೀರು ಕೈಯದ್ದಲು ಯೋಗ್ಯ ಎಂದೇನೂ ಇಲ್ಲ.

ಕಾಲುವೆಯ ಕಥೆ ಬೇರೆ. ಅದನ್ನು ನೀನು ತಿಳಿದಿರಬೇಕು, ಯಾಕೆಂದರೆ ಅದು ನಿನ್ನ ಕಯಾಕಿನ ಬುಡದವರೆಗೂ ಬರುತ್ತದೆ. 1806ರಲ್ಲಿ ಮದ್ರಾಸಿನಿಂದ ಎಣ್ಣೂರಿನ ಕಡೆಗೆ ತೋಡಿದ ಕಾಲುವೆ ಅದರ ಮೊದಲ ತುಂಡು. ಮುಂದೆ ಅದು ಬಡಗಲಾಗಿ ಆಂಧ್ರದೊಳಕ್ಕೂ ತೆಂಕಲಾಗಿ ಮರಕ್ಕಾಣಂವರೆಗೂ ಬೆಳೆಯಿತು. ಊರ ನಡುವೆ ಅಡ್ಯಾರ್ ಹೊಳೆಯನ್ನೂ ಕೂವಂ ಹೊಳೆಯನ್ನೂ ಜೋಡಿಸುವ ಭಾಗವನ್ನು ತೋಡಿದ್ದು 1877–78ರ ಬರಗಾಲದಲ್ಲಿ, ಹಸಿದು ಬಂದ ಜನರ ಕೈಯಿಂದ. ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರಲ್ಲ, ಅದೇ ಬರ. ಆಗಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರು ಇಡೀ ಕಾಲುವೆಗೆ ಬಿತ್ತು. ಉಪ್ಪು, ಸೌದೆ ಹೊತ್ತ ದೋಣಿಗಳು ಈ ದಾರಿಯಲ್ಲಿ ಮದ್ರಾಸಿಗೆ ಬರುತ್ತಿದ್ದವು. ಈಗ ನಗರದೊಳಗಿನ ಕಾಲುವೆ ಚರಂಡಿಯ ನೀರನ್ನು ಹೊತ್ತು ಸಾಗುತ್ತಿದೆ. ಆ ನೀರಿಗೆ ಕೈ ಹಾಕಬಾರದು, ಅಷ್ಟೇ.

ಇನ್ನು ಮುಖ್ಯವಾದದ್ದು ಕೇಳು. ಪಳ್ಳಿಕರಣೈ ತುಂಬಿದಾಗ ಅದರ ನೀರು ಒಕ್ಕಿಯಂ ಮಡುವು ಎಂಬ ತೋಡಿನ ಮೂಲಕ ಈ ಕಾಲುವೆಗೆ ಇಳಿಯುತ್ತದೆ. ಕಾಲುವೆ ದಕ್ಷಿಣಕ್ಕೆ ಹರಿದು ಮುಟ್ಟುಕಾಡಿನ ಹಿನ್ನೀರಿಗೆ ಸೇರಿ ಅಲ್ಲಿಂದ ಸಮುದ್ರಕ್ಕೆ ಹೋಗುತ್ತದೆ. ವೇಳಚ್ಚೇರಿ, ಪೆರುಂಗುಡಿ, ತೊರೈಪಾಕ್ಕಂ ಕಡೆ ಬಿದ್ದ ಮಳೆಯ ಬಹುಪಾಲು ಕೊನೆಗೆ ನೀನು ಹುಟ್ಟು ಹಾಕುವ ಜಾಗಕ್ಕೇ ಬಂದು ನಿಲ್ಲುತ್ತದೆ ಎಂದಾಯಿತು. 2015ರ ಡಿಸೆಂಬರ್ ನೆರೆಯಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ಈ ಭಾಗ ಹೇಗೆ ಮುಳುಗಿತು ಎಂಬುದನ್ನು ನಿನ್ನ ಆಫೀಸಿನ ಹಳಬರನ್ನು ಕೇಳು. ಹಾಗಾಗಿ ನನ್ನ ಮಾತು ಇಷ್ಟು: ಪೆರುಂಗುಡಿಯಲ್ಲಿ ಜೋರು ಮಳೆ ಬಿದ್ದ ವಾರ ಮುಟ್ಟುಕಾಡಿನ ನೀರಿಗೆ ಇಳಿಯಬೇಡ. ಆಕಾಶ ತಿಳಿಯಾಗಿರಬಹುದು, ಬೋಟ್ ಹೌಸ್ ತೆರೆದಿರಬಹುದು, ಆದರೂ ಬೇಡ. ಅಂಥ ನೀರಿನಲ್ಲಿ ಇಲಿ ಜ್ವರದ ಭಯವಿದೆ, ಕಾಲಿನ ಸಣ್ಣ ಗಾಯವೂ ಅದಕ್ಕೆ ಬಾಗಿಲಾಗುತ್ತದೆ. ಸೆಳವೂ ಹೆಚ್ಚಿರುತ್ತದೆ.

ಈಗ ಮುಟ್ಟುಕಾಡು. ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಎಲ್ಲರ ಬಾಯಲ್ಲಿ ಟಿಟಿಡಿಸಿ, 1984ರಿಂದ ಅಲ್ಲಿ ಬೋಟ್ ಹೌಸ್ ನಡೆಸುತ್ತಿದೆ. ಹುಟ್ಟು ಹಾಕುವ ದೋಣಿ, ಮೋಟಾರು ದೋಣಿ, ಸ್ಪೀಡ್ ಬೋಟ್ ಎಲ್ಲ ಅಲ್ಲುಂಟು. ಹಿನ್ನೀರು ವಿಶಾಲವಾಗಿದೆ, ಅಲೆಯಿಲ್ಲ. ಹೊಸಬರಿಗೆ ತೋಳು ಪಳಗಿಸಿಕೊಳ್ಳಲು ಇಂಥ ನೀರೇ ಬೇಕು. ಸರ್ಕಾರಿ ಜಾಗವಾದ್ದರಿಂದ ಟಿಕೆಟ್ ಉಂಟು, ದರದ ಫಲಕ ಉಂಟು, ಲೈಫ್ ಜಾಕೆಟ್ ಕೊಡದೆ ಇಳಿಸುವ ಪದ್ಧತಿಯಿಲ್ಲ. ಎರಡು ತೊಂದರೆಗಳೂ ಉಂಟು. ಒಂದು, ಅದು ನಸುಕಿಗೆ ತೆರೆಯುವ ಜಾಗವಲ್ಲ, ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಇನ್ನೊಂದು, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಮೋಟಾರು ದೋಣಿಗಳ ಓಡಾಟ ವಿಪರೀತ. ಅವು ಎಬ್ಬಿಸುವ ಅಲೆ ಪಕ್ಕಕ್ಕೆ ಬಡಿದರೆ ಕಲಿಯದವರ ಕಯಾಕ್ ಮಗುಚುತ್ತದೆ. ಅಲೆ ಬರುವುದು ಕಂಡರೆ ಕಯಾಕಿನ ಮೂತಿಯನ್ನು ಅದರ ಕಡೆಗೇ ತಿರುಗಿಸಿಕೊ, ಪಕ್ಕ ಕೊಡಬೇಡ. ರಜೆ ಹಾಕಿ ಬುಧವಾರವೋ ಗುರುವಾರವೋ ಹೋಗುವುದು ನಿನ್ನಿಂದ ಆಗುವುದಾದರೆ ಹಾಗೇ ಮಾಡು. ಕೌಂಟರಿನಲ್ಲಿ ‘ಕಯಾಕ್ ಇವತ್ತು ಇದೆಯೇ’ ಎಂದು ಹೊರಡುವ ಮುಂಚೆ ಫೋನ್ ಮಾಡಿ ಕೇಳು. ಒಂದೊಂದು ಸಲ ದುರಸ್ತಿಗೆಂದು ಕಯಾಕುಗಳನ್ನು ಮೇಲೆತ್ತಿ ಇಟ್ಟಿರುತ್ತಾರೆ.

ಮುಟ್ಟುಕಾಡಿನಲ್ಲಿ ಒಂದು ಗಡಿಯನ್ನು ನೀನೇ ಹಾಕಿಕೊ: ಇಸಿಆರ್ ಸೇತುವೆ. ಸೇತುವೆಯ ಪೂರ್ವಕ್ಕೆ ಅಳಿವೆ, ಅಲ್ಲಿಂದ ಸಮುದ್ರ. ಬೇಸಿಗೆಯಲ್ಲಿ ಮರಳು ತುಂಬಿ ಅಳಿವೆಯ ಬಾಯಿ ಮುಚ್ಚಿಕೊಳ್ಳುವುದುಂಟು, ಮಳೆಗಾಲದ ನೆರೆಗೆ ಮತ್ತೆ ತೆರೆದುಕೊಳ್ಳುತ್ತದೆ. ಬಾಯಿ ತೆರೆದಿರುವ ದಿನಗಳಲ್ಲಿ ಇಳಿತದ ಹೊತ್ತಿಗೆ ಹಿನ್ನೀರೆಲ್ಲ ಆ ಕಿರಿದಾದ ದಾರಿಯಲ್ಲೇ ಹೊರಗೆ ನುಗ್ಗುತ್ತದೆ. ಚೆನ್ನೈಯ ಉಬ್ಬರ ಇಳಿತ ದೊಡ್ಡದಲ್ಲ, ಒಂದು ಮೀಟರಿನ ಆಸುಪಾಸು. ನಮ್ಮ ಊರಿನ ಪಡುವಣ ಕಡಲಿನದಕ್ಕಿಂತ ಕಡಿಮೆ. ಅಷ್ಟೇ ತಾನೇ ಎಂದುಕೊಳ್ಳಬೇಡ. ಹಂಗಾರಕಟ್ಟೆಯಲ್ಲಿ, ಕೋಡಿ ಬೆಂಗ್ರೆಯಲ್ಲಿ ಸೀತಾ, ಸುವರ್ಣ ಹೊಳೆಗಳು ಕಡಲಿಗೆ ಸೇರುವ ಕಡೆ ಬೆಳೆದವನು ನಾನು. ಅಂಬಿಗರ ಮಕ್ಕಳೇ ಇಳಿತದ ಹೊತ್ತಿಗೆ ಅಳಿವೆಯ ಬಾಯಿಗೆ ಸಣ್ಣ ದೋಣಿ ಒಯ್ಯುವುದಿಲ್ಲ. ಬೋಟ್ ಹೌಸಿನವರು ಕೆಂಪು ಬಾವುಟವನ್ನೋ ಹಗ್ಗವನ್ನೋ ಕಟ್ಟಿ ಗಡಿ ತೋರಿಸಿದ್ದರೆ ಅದರ ಒಳಗೇ ಇರು. ತೋರಿಸದಿದ್ದರೆ ಕೇಳಿ ತಿಳಿದುಕೊ.

ಕೋವಳಂನಲ್ಲಿ ನೀರು ಬೇರೆ, ಜನ ಬೇರೆ. ಅದು ಮೀನುಗಾರರ ಹಳ್ಳಿ, ಜೊತೆಗೆ ಸರ್ಫಿಂಗ್ ಊರು. ಆ ಹಳ್ಳಿಯ ಮೀನುಗಾರ ಮೂರ್ತಿ ಮೇಘವನ್ ತಾನು ಸರ್ಫಿಂಗ್ ಕಲಿತು ಹಳ್ಳಿಯ ಮಕ್ಕಳಿಗೂ ಕಲಿಸಿ, ಅಲ್ಲೊಂದು ಸರ್ಫಿಂಗ್ ಶಾಲೆ ಕಟ್ಟಿದರು. 2013ರಲ್ಲಿ ಅಲ್ಲಿ ಸರ್ಫಿಂಗ್ ಹಬ್ಬಗಳೂ ಶುರುವಾದವು. 2021ರಲ್ಲಿ ಅಲ್ಲಿನ ಕಡಲತೀರಕ್ಕೆ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ನಮ್ಮ ಪಡುಬಿದ್ರಿಗೂ ಕಾಸರಕೋಡಿಗೂ ಅದರ ಹಿಂದಿನ ವರ್ಷ ಬಂದಿತ್ತಲ್ಲ, ಅದೇ. ಅಲ್ಲಿನ ಸರ್ಫಿಂಗ್ ಶಾಲೆಗಳಲ್ಲಿ ಸರ್ಫ್ ಹಲಗೆಗಳ ಜೊತೆಗೆ ಕಯಾಕು, ನಿಂತು ಹುಟ್ಟು ಹಾಕುವ ಹಲಗೆಗಳೂ ಸಿಗುತ್ತವೆ. ಕೋವಳಂನ ದೊಡ್ಡ ಅನುಕೂಲವೆಂದರೆ ಅಲ್ಲಿನವರ ದಿನ ಬೆಳಕು ಹರಿಯುವ ಮುಂಚೆ ಶುರುವಾಗುತ್ತದೆ. ಕಲಿಸುವವರಲ್ಲಿ ಬಹಳ ಮಂದಿ ಕಡಲಿನ ಮಕ್ಕಳು, ನೀರಿನ ಬಣ್ಣ ನೋಡಿಯೇ ಇವತ್ತಿನ ಸೆಳವು ಎತ್ತ ಎಂದು ಹೇಳುವವರು. ನಾನು ಹೇಳಿದ ‘ಇವತ್ತು ಬೇಡ’ ಎಂಬ ಮಾತು ಇಂಥವರ ಬಾಯಲ್ಲಿ ಬಂದರೆ ಮರುಮಾತಾಡದೆ ತಿರುಗಿ ಬಾ. ಪೆಟ್ರೋಲು ಹಾಳಾಯಿತಲ್ಲ ಎಂದು ಬೇಸರಿಸಬೇಡ. ಆ ಮಾತಿಗಾಗಿಯೇ ಹೋಗಿದ್ದು ಎಂದುಕೊ.

ಆದರೂ ಕೋವಳಂ ಸಮುದ್ರ. ಮೊದಲ ನಾಲ್ಕಾರು ಸಲ ಹಿನ್ನೀರಿನಲ್ಲೇ ಹುಟ್ಟು ಹಾಕಿ ಕಲಿ, ಆಮೇಲೆ ಕಡಲಿನ ಮಾತು. ಅಲೆಯ ನಡುವೆ ಕಯಾಕ್ ಮಗುಚಿದರೆ ಒಂದು ನಿಯಮ ನೆನಪಿರಲಿ: ದಡಕ್ಕೂ ಕಯಾಕಿಗೂ ನಡುವೆ ನೀನು ಇರಬಾರದು. ಅಲೆ ತಂದು ಎಸೆಯುವ ಖಾಲಿ ಕಯಾಕಿನ ಏಟು ಸಾಮಾನ್ಯದ್ದಲ್ಲ. ಕಯಾಕಿನ ಸಮುದ್ರದ ಬದಿಗೆ ಬಂದುಬಿಡು.

ಗಾಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ತಾಳ್ಮೆಯಿಂದ ಕೇಳು. ಕಯಾಕಿನವರಿಗೆ ಅಲೆಗಿಂತ ಗಾಳಿಯೇ ಹೆಚ್ಚು ಅಪಾಯದ್ದು, ಹೊಸಬರಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಊರಿನಲ್ಲಿ ಬೆಳೆದ ನಮಗೆ ಮಳೆಗಾಲವೆಂದರೆ ಜೂನ್, ಜುಲೈ. ಆಗ ಕಡಲು ಅಬ್ಬರಿಸುತ್ತದೆ, ಯಾರೂ ಇಳಿಯುವುದಿಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವೂ ಇರುತ್ತದೆ. ಇಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದಲ್ಲಿ. ಚಂಡಮಾರುತಗಳ ಕಾಲವೂ ಹೆಚ್ಚಾಗಿ ಅದೇ. ನಮ್ಮ ಊರಿನಲ್ಲಿ ಹೊಳೆಗಳು ತಿಳಿಯಾಗಿ ಕಡಲು ತಣ್ಣಗಾಗುವ ನವೆಂಬರ್ ಇಲ್ಲಿ ದೋಣಿ ಮೇಲೆಳೆದು ಕಟ್ಟಿಡುವ ತಿಂಗಳು. ಊರಿನ ಪಂಚಾಂಗ ಇಟ್ಟುಕೊಂಡು ಇಲ್ಲಿನ ನೀರಿಗೆ ಇಳಿಯಬೇಡ. ಚೆನ್ನೈಯಲ್ಲಿ ಹುಟ್ಟು ಹಾಕಲು ಒಳ್ಳೆಯ ಕಾಲ ಜನವರಿಯ ನಡುವಿನಿಂದ ಮಾರ್ಚ್ ಕೊನೆಯವರೆಗೆ.

ಬೇಸಿಗೆಯಲ್ಲಿ ಹೊತ್ತು ಏರಿದಂತೆ ಕಡಲ ಗಾಳಿ ಎದ್ದು ನೆಲದ ಕಡೆಗೆ ಬೀಸುತ್ತದೆ. ನಗರದ ಜನಕ್ಕೆ ಅದು ಹಿತ. ಕಯಾಕಿನವರಿಗೆ ಅದು ನೀರನ್ನು ಕದಡುತ್ತದೆ, ತೋಳು ದಣಿಸುತ್ತದೆ, ಆದರೆ ಕೊನೆಗೆ ದಡಕ್ಕೇ ತಳ್ಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಾಗಲ್ಲ. ಆಗ ಬೆಳಗಿನ ಹೊತ್ತು ಗಾಳಿ ಪಡುವಣದಿಂದ, ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ. ಅಂಥ ಗಾಳಿಯಲ್ಲಿ ದಡದ ಹತ್ತಿರದ ನೀರು ಕೆರೆಯಂತೆ ಮಟ್ಟಸವಾಗಿ ಕಾಣುತ್ತದೆ. ಎಷ್ಟು ಚೆಂದ, ಎಷ್ಟು ಹಗುರ ಎಂದು ನೀನು ಹುಟ್ಟು ಹಾಕುತ್ತಾ ಹೋಗುತ್ತೀಯ, ಹಗುರವೆನಿಸುವುದು ಗಾಳಿ ನಿನ್ನನ್ನು ಬೆನ್ನಿನಿಂದ ತಳ್ಳುತ್ತಿರುವುದರಿಂದ. ತಿರುಗಿ ನೋಡಿದಾಗ ದಡದ ಜನ ಚಿಕ್ಕದಾಗಿ ಕಾಣುತ್ತಾರೆ, ಈಗ ಎದುರುಗಾಳಿಗೆ ಮರಳಬೇಕು. ಕಯಾಕಿಗೆ ತೂಕವಿಲ್ಲ, ಕೆಳಗೆ ಆಳವಿಲ್ಲ, ಗಾಳಿ ಅದನ್ನು ಸುಲಭವಾಗಿ ಎಳೆದೊಯ್ಯುತ್ತದೆ. ಕಡಲಿನಲ್ಲಿ ಕಯಾಕಿನವರು ಕಾಣೆಯಾಗುವುದು ಬಹಳ ಸಲ ಇಂಥ ಸುಂದರ ಬೆಳಗಿನಲ್ಲೇ. ಅದಕ್ಕೇ ಒಂದು ಅಭ್ಯಾಸ ಇಟ್ಟುಕೊ: ಹೊರಡುವಾಗ ಮೊದಲು ಗಾಳಿಗೆ ಎದುರಾಗಿ ಹುಟ್ಟು ಹಾಕು, ಮರಳುವಾಗ ಅದೇ ಗಾಳಿ ನಿನ್ನನ್ನು ಕರೆತರಲಿ. ಗಾಳಿ ನೆಲದಿಂದ ಕಡಲಿಗೆ ಇದ್ದರೆ ಆ ದಿನ ಕಡಲಿಗೆ ಇಳಿಯಲೇಬೇಡ. ದಡದ ಬಾವುಟ, ತೆಂಗಿನ ಗರಿ ಎತ್ತ ವಾಲುತ್ತಿದೆ ನೋಡು, ಅಷ್ಟರಲ್ಲೇ ತಿಳಿಯುತ್ತದೆ.

ಇಲ್ಲಿನ ಮೀನುಗಾರರಿಗೆ ಒಂದೊಂದು ಗಾಳಿಗೂ ಹೆಸರುಂಟು. ಬಡಗಣ ಗಾಳಿ ವಾಡೈ, ಮೂಡಣದ್ದು ಕೊಂಡಲ್, ನೈರುತ್ಯದ್ದು ಕಚ್ಚಾನ್. ದಡದಲ್ಲಿ ಬಲೆ ಬಿಡಿಸುತ್ತಾ ಕುಳಿತ ಹಿರಿಯರ ಹತ್ತಿರ ಹೋಗಿ, “ಅಣ್ಣಾ, ಇನ್ನೈಕ್ಕು ಕಾತ್ತು ಎಪ್ಪಡಿ ಇರುಕ್ಕು?” (ಇವತ್ತು ಗಾಳಿ ಹೇಗಿದೆ) ಎಂದು ಕೇಳು. ನಿನ್ನ ತಮಿಳು ಹೇಗಿದ್ದರೂ ಅವರು ಉತ್ತರ ಕೊಡುತ್ತಾರೆ. ಅವರ ಉತ್ತರವೂ ಕಯಾಕ್ ಬಾಡಿಗೆ ಕೊಡುವವರ ಉತ್ತರವೂ ಒಂದೇ ಆದರೆ ಇಳಿ.

ಗಾಳಿಯಿಲ್ಲದೆಯೂ ಕಡಲು ಏಳುವುದುಂಟು. ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಬಂದು ಇಲ್ಲಿ ತಿಳಿ ಆಕಾಶದ ಕೆಳಗೇ ಉಕ್ಕುತ್ತವೆ. ಕೇರಳದವರು ಅದಕ್ಕೆ ಕಳ್ಳ ಕಡಲು ಎನ್ನುತ್ತಾರೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡದ್ದು ಇಂಥ ಅಲೆಗಳ ಎಚ್ಚರಿಕೆ ಜಾರಿಯಲ್ಲಿದ್ದ ದಿನಗಳಲ್ಲೇ. ಎಲ್ಲರೂ ನಿನ್ನ ವಯಸ್ಸಿನ ಮಕ್ಕಳು. ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಿದೆ, ಕಡಲಿನ ಅಲೆಯ ಎತ್ತರ, ಸೆಳವು, ಇಂಥ ಉಕ್ಕಿನ ಮುನ್ಸೂಚನೆ ಎಲ್ಲವನ್ನೂ ಅದು ದಿನವೂ ಪ್ರಕಟಿಸುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ನೋಡು. ಆಫೀಸಿಗೆ ಹೊರಡುವಾಗ ಟ್ರಾಫಿಕ್ ನೋಡುತ್ತೀಯಲ್ಲ, ಆ ಎರಡು ನಿಮಿಷ ಇಲ್ಲೂ ಕೊಡು.

ಬಾಡಿಗೆಯ ಜಾಗಕ್ಕೆ ಹೋದಾಗ ದರ ಕೇಳುವ ಮೊದಲು ಇದನ್ನು ಕೇಳು: “ನಾನು ಮಗುಚಿ ಬಿದ್ದರೆ ಯಾರು ಬರುತ್ತಾರೆ, ಯಾವ ದೋಣಿಯಲ್ಲಿ ಬರುತ್ತಾರೆ?” ಉತ್ತರ ಕೊಡುವಾಗ ಅವರು ಕೈ ತೋರಿಸಿ “ಅದೋ, ಆ ದೋಣಿ, ಆ ಹುಡುಗ” ಎಂದರೆ ಸರಿ. “ಏನೂ ಆಗುವುದಿಲ್ಲಮ್ಮಾ” ಎಂದರೆ ಅಲ್ಲಿಂದ ಹೊರಡು. ನೀರಿನ ವಿಷಯದಲ್ಲಿ ಏನೂ ಆಗುವುದಿಲ್ಲ ಎನ್ನುವವರಿಗೆ ನೀರು ಗೊತ್ತಿಲ್ಲ. ಗೋವಾದಲ್ಲಿ 1990ರಲ್ಲಿ ಶುರುವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಕರಿಗೂ ದೋಣಿ ನಡೆಸುವವರಿಗೂ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತದೆ. ಅದು ಗೋಡೆಯ ಮೇಲೆ ಇದೆಯೇ ನೋಡು. ಹೆಸರು, ಇಳಿದ ಹೊತ್ತು, ಮರಳಿದ ಹೊತ್ತು ಬರೆದಿಡುವ ಪುಸ್ತಕ ಇದೆಯೇ ನೋಡು. ಈ ಪುಸ್ತಕ ಇಲ್ಲದ ಕಡೆ ಒಬ್ಬರು ಮರಳದಿದ್ದರೆ ಸಂಜೆಯವರೆಗೂ ಯಾರಿಗೂ ತಿಳಿಯುವುದಿಲ್ಲ.

ಲೈಫ್ ಜಾಕೆಟ್ ತೊಟ್ಟ ಮೇಲೆ ಗೆಳತಿಗೆ ಹೇಳಿ ಹೆಗಲ ಪಟ್ಟಿ ಹಿಡಿದು ಮೇಲೆತ್ತಿಸು. ಅದು ಕಿವಿಯ ತನಕ ಬಂದರೆ ಸಡಿಲ, ನೀರಿನಲ್ಲಿ ನಿನ್ನನ್ನು ಬಿಟ್ಟು ಅದೊಂದೇ ತೇಲುತ್ತದೆ. ಬೇರೆ ಅಳತೆಯದು ಕೇಳು. ಬಿಸಿಲಿಗೆ ಸುಟ್ಟು ಬಣ್ಣ ಹೋದ, ಒಳಗಿನ ನೊರೆ ಪುಡಿಯಾದ, ಬಕಲ್ ಮುರಿದ ಜಾಕೆಟ್ ಕೊಟ್ಟರೆ ಬೇಡ ಎನ್ನು. ಸಂಕೋಚ ಬೇಡ ಮಗಳೇ, ನಮ್ಮವರು ಸಂಕೋಚಕ್ಕೇ ಎಷ್ಟೋ ಸಲ ಸುಮ್ಮನಾಗುತ್ತಾರೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಲ್ಲಿ ಜನರನ್ನು ಹೊತ್ತ ದೋಣಿ ಮಗುಚಿ 16 ಮಂದಿ ಹೋದರು. ಚೆನ್ನೈಯ ಬಡಗಲಿಗೆ, ಪಳವೇರ್ಕಾಡಿನಲ್ಲಿ, 2011ರ ಕ್ರಿಸ್‌ಮಸ್ ದಿನ ವಿಹಾರಕ್ಕೆ ಹೋದ ದೋಣಿ ಮಗುಚಿ 20ಕ್ಕೂ ಹೆಚ್ಚು ಮಂದಿ ಹೋದರು. ಹಬ್ಬದ ದಿನ, ಸಂತೋಷದ ಜನ. ಇಂಥ ದಿನಗಳಲ್ಲಿ ಜಾಕೆಟ್ ಕೇಳಲು ನಾಚಬೇಡ, ತುಂಬಿದ ದೋಣಿಯಿಂದ ಇಳಿದುಬಿಡಲೂ ನಾಚಬೇಡ.

ಮೊದಲಿಗೆ ಮೇಲೆ ಕೂರುವ ಕಯಾಕನ್ನೇ ಕೇಳಿ ಪಡೆ. ಅದರ ಮೈಯಲ್ಲಿ ತೂತುಗಳಿರುತ್ತವೆ, ಒಳಬಂದ ನೀರು ತಾನೇ ಇಳಿದುಹೋಗುತ್ತದೆ. ಮಗುಚಿದರೂ ನೀನು ಕಳಚಿಕೊಂಡು ಹೊರಬೀಳುತ್ತೀಯ. ಸೊಂಟದವರೆಗೆ ಒಳಗೆ ಕೂರುವ, ಮೇಲೆ ಬಟ್ಟೆ ಮುಚ್ಚುವ ಕಯಾಕಿಗೆ ಬೇರೆಯೇ ಅಭ್ಯಾಸ ಬೇಕು, ಅದು ಮಗುಚಿದಾಗ ತಲೆಕೆಳಗಾಗಿ ಹೊರಬರುವುದನ್ನು ಮೊದಲು ಕಲಿಯಬೇಕು. ಮೊದಲ ದಿನವೇ ಸೊಂಟದ ಮಟ್ಟದ ನೀರಿನಲ್ಲಿ, ಕಲಿಸುವವರು ಪಕ್ಕದಲ್ಲಿರುವಾಗ, ಬೇಕೆಂದೇ ಮಗುಚಿ ಬಿದ್ದು ಮತ್ತೆ ಹತ್ತಿ ಅಭ್ಯಾಸ ಮಾಡು. ಕಯಾಕನ್ನು ನೆಟ್ಟಗೆ ಮಾಡಿ, ನಡುಭಾಗ ಹಿಡಿದು, ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಅಡ್ಡ ಬಿದ್ದು, ಆಮೇಲೆ ಹೊರಳಿ ಕುಳಿತುಕೊ. ಇದನ್ನು ಮೂರು ಸಲ ಮಾಡಿದವಳಿಗೆ ಅರ್ಧ ಭಯ ಹೋಗುತ್ತದೆ, ಇನ್ನರ್ಧ ಇರಲಿ. ಮಗುಚಿದಾಗ ಕಯಾಕನ್ನು ಬಿಟ್ಟು ದಡಕ್ಕೆ ಈಜುವ ಆಸೆ ಬರುತ್ತದೆ, ದೂರ ಯಾವಾಗಲೂ ಕಡಿಮೆ ಕಾಣುತ್ತದೆ. ಬಿಡಬೇಡ. ಒಂದು ತಲೆ ಯಾರಿಗೂ ಕಾಣುವುದಿಲ್ಲ, ಬಣ್ಣದ ಕಯಾಕ್ ದೂರದಿಂದಲೂ ಕಾಣುತ್ತದೆ.

ಈಜು ಬರುವುದಿಲ್ಲವಲ್ಲ ಎಂದು ನೀನು ಕೇಳಿದರೆ, ಜಾಕೆಟ್ ತೊಟ್ಟು ಹಿನ್ನೀರಿನಲ್ಲಿ ಹುಟ್ಟು ಹಾಕಲು ಈಜು ಕಡ್ಡಾಯವಲ್ಲ. ಆದರೆ ನೀರು ಮುಖಕ್ಕೆ ಬಿದ್ದಾಗ ಉಸಿರು ಕಟ್ಟದೆ ಅಂಗಾತ ತೇಲಲು ಬರಬೇಕು. ಯಾವುದಾದರೂ ಕೊಳದಲ್ಲಿ ಕೆಲವು ದಿನ ಅಷ್ಟನ್ನಾದರೂ ಕಲಿ. ಬರಿಗಾಲಿನಲ್ಲಿ ಇಳಿಯಬೇಡ, ಹಿನ್ನೀರಿನ ಕಲ್ಲುಗಳ ಮೇಲೆ ಕಪ್ಪೆಚಿಪ್ಪು ಕಚ್ಚಿರುತ್ತದೆ, ಬ್ಲೇಡಿನಂತೆ ಕೊಯ್ಯುತ್ತದೆ. ಬೆಲ್ಟಿರುವ ಹಳೆಯ ಸ್ಯಾಂಡಲ್ ಸಾಕು. ಫೋನು ನೀರು ಹೋಗದ ಚೀಲದಲ್ಲಿ ಕೊರಳಿಗೆ ಇರಲಿ. ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093, ಮತ್ತೆ 112 ಅದರಲ್ಲಿ ಇರಲಿ. ಇಳಿಯುವ ಮುಂಚೆ ಮನೆಯಲ್ಲಿರುವ ಯಾರಿಗಾದರೂ ‘ಇಲ್ಲಿಂದ ಇಳಿಯುತ್ತಿದ್ದೇನೆ, ಇಷ್ಟು ಹೊತ್ತಿಗೆ ಮರಳುತ್ತೇನೆ’ ಎಂದು ಮೆಸೇಜ್ ಹಾಕು, ಮರಳಿದ ಕೂಡಲೇ ಇನ್ನೊಂದು. ನನಗೇ ಹಾಕು, ನಾನು ಗಡಿಯಾರ ನೋಡುತ್ತಿರುತ್ತೇನೆ. ಒಬ್ಬಳೇ ಹೋಗಬೇಡ ಎನ್ನುವುದು ನೀನು ಹೆಣ್ಣೆಂದಲ್ಲ, ಕಯಾಕಿನಲ್ಲಿ ಯಾರೂ ಒಬ್ಬರೇ ಹೋಗಬಾರದು. ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ ಉಂಟೇ, ಕಲಿಸುವವರಲ್ಲಿ ಹೆಂಗಸರಿದ್ದಾರೆಯೇ ಎಂದು ಕೇಳುವುದು ನಿನ್ನ ಹಕ್ಕು, ಫೋನಿನಲ್ಲೇ ಕೇಳಿಬಿಡು.

ಗಾಳಿ ತುಂಬುವ ಕಯಾಕುಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಬಾಡಿಗೆಗೆ ಪದೇಪದೇ ದುಡ್ಡು ಸುರಿಯುವುದಕ್ಕಿಂತ ಕೊಂಡುಬಿಡೋಣ ಎಂದು ಗೆಳೆಯರು ಹೇಳುತ್ತಾರೆ. ನನ್ನ ಸಲಹೆ ಕೇಳಿದರೆ ಎರಡು ವರ್ಷ ಬೇಡ. ಅಗ್ಗದವು ಗಾಳಿಗೆ ತರಗೆಲೆಯಂತೆ ಹಾರುತ್ತವೆ, ಒಂದು ಚಿಪ್ಪು ತಾಗಿದರೆ ಹರಿಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಸ್ವಂತ ಕಯಾಕ್ ಇರುವವಳಿಗೆ ‘ಇವತ್ತು ಬೇಡ’ ಎನ್ನಲು ದಡದಲ್ಲಿ ಯಾರೂ ಇರುವುದಿಲ್ಲ. ಬಾಡಿಗೆಯ ದುಡ್ಡಿನಲ್ಲಿ ನೀನು ಆ ಎಚ್ಚರವನ್ನೂ ಕೊಳ್ಳುತ್ತಿದ್ದೀಯ.

ಮುಟ್ಟುಕಾಡಿನ ಆಳವಿಲ್ಲದ ಕಡೆ ಎದೆಮಟ್ಟದ ನೀರಿನಲ್ಲಿ ನಿಂತು ಬೀಸುಬಲೆ ಹಾಕುವವರನ್ನು ನೋಡುತ್ತೀಯ. ಏಡಿ, ಸಿಗಡಿ ಹಿಡಿದು ಬದುಕುವ ಜನ. ಅವರ ಬಲೆಯ ಮೇಲೆ ಹುಟ್ಟು ಹಾಯಿಸಬೇಡ, ತೇಲುಬೆಂಡು ಕಂಡರೆ ದೂರದಿಂದ ಸುತ್ತಿ ಹೋಗು, ಕೇಳದೆ ಫೋಟೊ ತೆಗೆಯಬೇಡ. ನಿನಗೆ ಅದು ಭಾನುವಾರದ ವಿಹಾರ, ಅವರಿಗೆ ಆ ದಿನದ ಅನ್ನ. 2015ರಲ್ಲಿ ಈ ನಗರದ ಬೀದಿಗಳು ಮುಳುಗಿದಾಗ ಮೀನುಗಾರರು ದೋಣಿಗಳನ್ನು ತಂದು ಮನೆಮನೆಯ ಜನರನ್ನು ಎತ್ತಿ ಕರೆದೊಯ್ದರು. ಅವರನ್ನು ಕಂಡಾಗ ಒಂದು ನಮಸ್ಕಾರ ಹೇಳಿ ಮುಂದೆ ಹೋಗು.

ಕೈ ಪಳಗಿದ ಮೇಲೆ ದೂರದ ನೀರುಗಳು ಬೇಕಾದಷ್ಟು. ಮಾಮಲ್ಲಪುರ ದಾಟಿ ಇಸಿಆರ್‌ನಲ್ಲೇ ಇನ್ನೂ 30 ಕಿ.ಮೀ.ಗೂ ಹೆಚ್ಚು ಹೋದರೆ ಮುದಲಿಯಾರ್‌ಕುಪ್ಪಂ ಬರುತ್ತದೆ. ಅಲ್ಲೂ ಟಿಟಿಡಿಸಿಯ ಬೋಟ್ ಹೌಸ್ ಉಂಟು, ಮುಟ್ಟುಕಾಡಿನಷ್ಟು ಜನಜಂಗುಳಿಯಿಲ್ಲ. ಎರಡು ದಿನ ಸಿಕ್ಕರೆ ಚಿದಂಬರಂ ಹತ್ತಿರದ ಪಿಚಾವರಂ. ಸುಮಾರು 1,100 ಹೆಕ್ಟೇರ್ ಕಾಂಡ್ಲಾ ಕಾಡು, ಬೇರುಗಳ ನಡುವೆ ನೀರಿನ ಓಣಿಗಳು. ಅಲ್ಲಿ ಮೊದಲ ಸಲ ಸ್ಥಳೀಯ ಅಂಬಿಗರ ದೋಣಿಯಲ್ಲೇ ಕುಳಿತು ಹೋಗು, ಓಣಿಗಳೆಲ್ಲ ಒಂದೇ ಥರ ಕಾಣುತ್ತವೆ, ದಾರಿ ತಪ್ಪುವುದು ಸುಲಭ. ನಗರದೊಳಗೆ ಅಡ್ಯಾರ್ ಹೊಳೆಯ ಮೇಲೆ 1867ರಷ್ಟು ಹಳೆಯ ಮದ್ರಾಸ್ ಬೋಟ್ ಕ್ಲಬ್ ಇದೆ, ಆದರೆ ಅದು ಸದಸ್ಯರ ರೋಯಿಂಗ್ ಕ್ಲಬ್, ಬಾಡಿಗೆಯ ಜಾಗವಲ್ಲ. ಊರಿಗೆ ಹೋದಾಗ ಸಾಲಿಗ್ರಾಮದ ಪಾರಂಪಳ್ಳಿಗೆ ಹೋಗೋಣ. ಸೀತಾ ನದಿಯ ಕಾಂಡ್ಲಾ ಕಾಡಿನೊಳಗೆ ಈಗ ಕಯಾಕ್ ನಡೆಸುತ್ತಾರೆ. ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಮಂತ್ರ ಸರ್ಫ್ ಕ್ಲಬ್ಬಿನವರು 2004ರಿಂದ ಇದ್ದಾರೆ. ಶರಾವತಿಯ ಹಿನ್ನೀರಿನ ಹೊನ್ನೇಮರಡು ಉಂಟು. ಆದರೆ ಅವಕ್ಕೆ ಊರಿನ ಪಂಚಾಂಗ: ನವೆಂಬರಿನಿಂದ ಫೆಬ್ರವರಿ.

ಮುಟ್ಟುಕಾಡಿಗೆ ಹೋದ ದಿನ ಹತ್ತಿರದ ದಕ್ಷಿಣಚಿತ್ರಕ್ಕೂ ಹೋಗಿ ಬಾ. ತೆಂಕಣ ನಾಡುಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ, ಅದರಲ್ಲಿ ನಮ್ಮ ಇಳಕಲ್ಲಿನ ನೇಕಾರರ ಕಲ್ಲಿನ ಮನೆಯೂ ಇದೆ. ಮಂಗಳವಾರ ಅದಕ್ಕೆ ರಜೆ.

ಮೊದಲ ಸಲಕ್ಕೆ ಜನವರಿಯ ಕೊನೆಯ ವಾರ ಇಟ್ಟುಕೊ. ತಿಂಗಳ ನಡುವಿನ ಹಬ್ಬವಾದ ಕಾಣುಂ ಪೊಂಗಲ್‌ನ ಜನಸಾಗರ ಕರಗಿರುತ್ತದೆ, ಮಳೆಯ ಕೊಳೆನೀರು ಇಳಿದಿರುತ್ತದೆ, ಬಿಸಿಲೂ ಹದ. ಹಿಂದಿನ ಸಂಜೆಯೇ ಫೋನ್ ಮಾಡಿ ಕಯಾಕ್ ಎಷ್ಟಿವೆ, ಎಷ್ಟು ಹೊತ್ತಿಗೆ ಬರಬೇಕು, ಮುಂಗಡ ಎಷ್ಟು, ಗಾಳಿ ಕೆಟ್ಟರೆ ಮುಂಗಡ ವಾಪಸು ಕೊಡುತ್ತೀರಾ ಎಂದು ಕೇಳು. ಕೊನೆಯ ಪ್ರಶ್ನೆಗೆ ಹೌದು ಎಂದವರ ಹೆಸರನ್ನು ನನಗೂ ಕಳಿಸು, ನಿನ್ನ ತಮ್ಮನೂ ಮುಂದಿನ ತಿಂಗಳು ನಿನ್ನ ಪೆರುಂಗುಡಿಯ ಪಕ್ಕದ ತರಮಣಿಗೆ ಕೆಲಸಕ್ಕೆ ಬರುತ್ತಿದ್ದಾನಲ್ಲ.